ಪ್ಲಾಸ್ಮಾ ಮುಗಿಯುವ ಜಾಗ: ತೀವ್ರ ಅಯಾನು ಕಿರಣಗಳಿಗಾಗಿ ಪಲ್ಸ್ ಮೂಲಗಳ ವಿನ್ಯಾಸ



ಅಯಾನು ಕಿರಣ ಬೇಕೆಂದರೆ ಮೊದಲು ಅಯಾನುಗಳು ಬೇಕು. ಅವು ಹೇರಳವಾಗಿ ಸಿಗುವುದು ಪ್ಲಾಸ್ಮಾದಲ್ಲಿ, ಅಂದರೆ ಅಯಾನುಗಳೂ ಎಲೆಕ್ಟ್ರಾನ್‌ಗಳೂ ಬಿಡಿಬಿಡಿಯಾಗಿ ಒಟ್ಟಿಗೆ ಇರುವ ಕಾದ ಅನಿಲದಲ್ಲಿ. ಇಷ್ಟರವರೆಗೆ ಯಾರ ತಕರಾರೂ ಇಲ್ಲ. ಇದರ ಬೆನ್ನಿಗೇ ಬರುವ ನಂಬಿಕೆಯ ಬಗ್ಗೆ ನನ್ನ ತಕರಾರಿದೆ: ಕಿರಣ ಹೆಚ್ಚು ತೀವ್ರವಾಗಬೇಕಾದರೆ ಪ್ಲಾಸ್ಮಾವನ್ನು ಹೆಚ್ಚಿಸಿದರೆ ಸಾಕು, ಉಳಿದದ್ದನ್ನು ವೋಲ್ಟೇಜು ನೋಡಿಕೊಳ್ಳುತ್ತದೆ ಎಂಬ ನಂಬಿಕೆ. ಬಹಳಷ್ಟು ವಿನ್ಯಾಸಗಳು ಆರಂಭವಾಗುವುದೇ ಹೀಗೆ. ಪ್ಲಾಸ್ಮಾ ಹುಟ್ಟಿಸುವ ಡಿಸ್ಚಾರ್ಜ್ ಕೋಣೆಯ ಚಿತ್ರ ಮೊದಲು, ಅಯಾನುಗಳನ್ನು ಹೊರಗೆಳೆಯುವ ಎಲೆಕ್ಟ್ರೋಡ್‌ಗಳ ಚಿತ್ರ ಕೊನೆಗೆ. ಈ ಕ್ರಮ ತಲೆಕೆಳಗಾಗಬೇಕು ಎಂಬುದು ಈ ಉಪನ್ಯಾಸದ ವಾದ. ಕಿರಣವನ್ನು ಬಿಟ್ಟು ಬಿಟ್ಟು ಕೊಡುವ ಪಲ್ಸ್ ಮೂಲವೊಂದರ ಯೋಗ್ಯತೆ ತೀರ್ಮಾನವಾಗುವುದು ಪ್ಲಾಸ್ಮಾ ಮುಗಿದು ಕಿರಣ ಶುರುವಾಗುವ ಆ ತೆಳುವಾದ ಮೇಲ್ಮೈಯಲ್ಲಿ. ಆ ಮೇಲ್ಮೈ ಎಲ್ಲಿರಬೇಕು, ಯಾವ ಆಕಾರದಲ್ಲಿರಬೇಕು, ಎಷ್ಟು ಹೊತ್ತು ಅಲುಗದೆ ನಿಲ್ಲಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ನಡೆದು ಪ್ಲಾಸ್ಮಾಕ್ಕೆ ಬರಬೇಕು.

ಇದು ಪ್ರಯೋಗಾಲಯದ ಮೂಲೆಯ ಸಂಗತಿಯಲ್ಲ. ಜಿನೀವಾ ಬಳಿಯ ಸೆರ್ನ್‌ನ ಲಾರ್ಜ್ ಹೇಡ್ರಾನ್ ಕೊಲೈಡರ್‌ಗೆ 2018ರವರೆಗೆ ಹೋದ ಪ್ರೋಟಾನ್‌ಗಳೆಲ್ಲವೂ ಹೊರಟದ್ದು ಲಿನಾಕ್-2ರ ತುದಿಯಲ್ಲಿ ಕೂತಿದ್ದ ಡುಯೋಪ್ಲಾಸ್ಮಟ್ರಾನ್ ಎಂಬ ಪಲ್ಸ್ ಮೂಲದಿಂದ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಸಮ್ಮಿಲನ ಯಂತ್ರದ ಪ್ಲಾಸ್ಮಾವನ್ನು ಪರೀಕ್ಷಿಸುವ ಡಯಾಗ್ನಾಸ್ಟಿಕ್ ಕಿರಣದ ಹೊಣೆ ಭಾರತದ್ದು. ಅದರ ಮೂಲ 1 ಲಕ್ಷ ವೋಲ್ಟಿನಲ್ಲಿ 60 ಆಂಪಿಯರ್ ಋಣ ಹೈಡ್ರೋಜನ್ ಅಯಾನುಗಳನ್ನು ಬಿಟ್ಟು ಬಿಟ್ಟು ಹರಿಸಬೇಕು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ‘ರಾಬಿನ್’ ಮೂಲ ಈ ವಿದ್ಯೆಯನ್ನು ಕೈಗೂಡಿಸಿಕೊಳ್ಳಲೆಂದೇ ನಡೆದ ಪ್ರಯತ್ನ. ನಮ್ಮ ಪೀಣ್ಯದ ವರ್ಕ್‌ಶಾಪುಗಳಲ್ಲಿ ಕಾಣುವ ಚಿನ್ನದ ಬಣ್ಣದ ಡ್ರಿಲ್ ಬಿಟ್ಟುಗಳ ಮೇಲಿನ ಟೈಟೇನಿಯಂ ನೈಟ್ರೈಡ್ ಲೇಪವನ್ನೂ ಎಷ್ಟೋ ಕಡೆ ನಿರ್ವಾತದಲ್ಲಿ ಹೊತ್ತಿಸಿದ ಆರ್ಕ್‌ನಿಂದಲೇ ಕೂರಿಸುತ್ತಾರೆ. ಅದೇ ಆರ್ಕ್ ಮುಂದೆ ನಾನು ಹೇಳಲಿರುವ ಲೋಹದ ಅಯಾನು ಮೂಲಗಳ ಹೃದಯ.

‘ತೀವ್ರ’ ಎಂದು ಯಾವ ಕಿರಣವನ್ನು ಕರೆಯಬೇಕು? ಅಯಾನುಗಳು ಒಂದನ್ನೊಂದು ತಳ್ಳುವ ಬಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವಿಧಿಯಿಲ್ಲ ಎನ್ನುವ ಸ್ಥಿತಿಗೆ ಬಂದ ಕಿರಣವನ್ನು. ಒಂದೇ ಜಾತಿಯ ಆವೇಶಗಳು ಒಂದೆಡೆ ಕೂಡಿದಾಗ ಅವುಗಳ ಸಾಮೂಹಿಕ ಕ್ಷೇತ್ರವೇ ಹಿಂದಿನಿಂದ ಬರುವವಕ್ಕೆ ಅಡ್ಡ ನಿಲ್ಲುತ್ತದೆ. ಹೀಗೆ ಪ್ರವಾಹಕ್ಕೆ ಬೀಳುವ ಮಿತಿಯನ್ನು 1911ರಲ್ಲಿ ಚೈಲ್ಡ್ ಎಂಬ ವಿಜ್ಞಾನಿ ಅಯಾನುಗಳಿಗೆ ಲೆಕ್ಕಹಾಕಿದರು. 1913ರಲ್ಲಿ ಇರ್ವಿಂಗ್ ಲಾಂಗ್ಮ್ಯೂರ್ ಅದನ್ನೇ ಎಲೆಕ್ಟ್ರಾನ್‌ಗಳಿಗೆ ಸಾಧಿಸಿದರು. ಎರಡು ಎಲೆಕ್ಟ್ರೋಡ್‌ಗಳ ನಡುವೆ ಹರಿಯಬಲ್ಲ ಪ್ರವಾಹ ವೋಲ್ಟೇಜಿನ ಒಂದೂವರೆ ಘಾತದಂತೆ ಏರುತ್ತದೆ, ನಡುವಣ ಅಂತರದ ವರ್ಗದಂತೆ ಇಳಿಯುತ್ತದೆ, ಅಯಾನು ಭಾರವಾದಷ್ಟೂ ಕಡಿಮೆಯಾಗುತ್ತದೆ. ಪ್ರೋಟಾನ್‌ಗಳನ್ನು 20 ಸಾವಿರ ವೋಲ್ಟಿನಲ್ಲಿ 1 ಸೆಂಟಿಮೀಟರ್ ಅಂತರದಲ್ಲಿ ಎಳೆದರೆ ಪ್ರತಿ ಚದರ ಸೆಂಟಿಮೀಟರಿಗೆ ಸಿಗುವುದು ಸುಮಾರು 0.15 ಆಂಪಿಯರ್. ಈ ಸೂತ್ರದಲ್ಲಿ ಪ್ಲಾಸ್ಮಾದ ಹೆಸರೇ ಇಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಹಿಂದೆ ಎಂಥ ಅಬ್ಬರದ ಡಿಸ್ಚಾರ್ಜ್ ಇದ್ದರೂ ಅಷ್ಟು ವೋಲ್ಟೇಜು, ಅಷ್ಟು ಅಂತರ ಹೊರಬಲ್ಲದ್ದು ಅಷ್ಟನ್ನೇ.

ಇನ್ನು ಪ್ಲಾಸ್ಮಾದ ಕಡೆಯಿಂದ ನೋಡೋಣ. ಪ್ಲಾಸ್ಮಾ ತನ್ನ ಅಂಚಿಗೆ ಎಷ್ಟು ಅಯಾನುಗಳನ್ನು ಒಪ್ಪಿಸುತ್ತದೆ ಎಂಬುದು ಎಳೆಯುವ ವೋಲ್ಟೇಜನ್ನು ಅವಲಂಬಿಸಿಲ್ಲ. ಡೇವಿಡ್ ಬೋಮ್ 1949ರಲ್ಲಿ ತೋರಿಸಿದ ಹಾಗೆ, ಎಲೆಕ್ಟ್ರಾನ್‌ಗಳ ತಾಪವೂ ಅಯಾನಿನ ರಾಶಿಯೂ ಸೇರಿ ಗೊತ್ತುಮಾಡುವ ಒಂದು ವೇಗದಲ್ಲಿ ಅಯಾನುಗಳು ಅಂಚನ್ನು ತಲುಪುತ್ತವೆ. ಘನ ಸೆಂಟಿಮೀಟರಿಗೆ ಒಂದು ಲಕ್ಷ ಕೋಟಿ ಅಯಾನುಗಳಿರುವ, ಎಲೆಕ್ಟ್ರಾನ್ ತಾಪ 5 ಎಲೆಕ್ಟ್ರಾನ್‌ವೋಲ್ಟ್ ಇರುವ ಹೈಡ್ರೋಜನ್ ಪ್ಲಾಸ್ಮಾ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 0.2 ಆಂಪಿಯರ್ ಕೊಡುತ್ತದೆ. ಹಾಗಾದರೆ ಒಂದು ಕಡೆ ಪ್ಲಾಸ್ಮಾ ತಂದುಕೊಡುವ ಲೆಕ್ಕ, ಇನ್ನೊಂದು ಕಡೆ ಅಂತರ ಸಾಗಿಸಬಲ್ಲ ಲೆಕ್ಕ. ಈ ಎರಡೂ ಒಂದಕ್ಕೊಂದು ಸರಿಹೋಗದಿದ್ದರೆ ಬಗ್ಗಬೇಕಾದದ್ದು ಯಾವುದು? ಎಲೆಕ್ಟ್ರೋಡುಗಳು ಲೋಹ, ಅವು ಸರಿಯುವುದಿಲ್ಲ. ಪ್ಲಾಸ್ಮಾದ ಅಂಚಿಗೆ ಅಂಥ ಕಟ್ಟುಪಾಡು ಇಲ್ಲ. ಪೂರೈಕೆ ಇಮ್ಮಡಿಯಾದರೆ ಅಂಚು ಮುಂದಕ್ಕೆ ಬಂದು, 1 ಸೆಂಟಿಮೀಟರ್ ಅಂತರವನ್ನು 0.7ಕ್ಕೆ ಇಳಿಸಿ, ತನ್ನ ಹೆಚ್ಚುವರಿಗೆ ದಾರಿ ಮಾಡಿಕೊಳ್ಳುತ್ತದೆ. ಪೂರೈಕೆ ತಗ್ಗಿದರೆ ಹಿಂದೆ ಸರಿಯುತ್ತದೆ. ಸಪಾಟು ಲೆಕ್ಕದಲ್ಲಿ ಇದು ಬರೀ ಹಿಂದೆ ಮುಂದೆ ಸರಿದಾಟ. ಆದರೆ ನಿಜವಾದ ಮೂಲದಲ್ಲಿ ಅಂಚು ನಿಂತಿರುವುದು ಒಂದು ದುಂಡು ರಂಧ್ರದ ಬಾಯಲ್ಲಿ. ಅಲ್ಲಿ ಅದು ಸರಿದಾಗ ಬಾಗುತ್ತದೆ. ಪ್ಲಾಸ್ಮಾ ಹೆಚ್ಚಾದರೆ ಹೊರಕ್ಕೆ ಉಬ್ಬುತ್ತದೆ, ಅಯಾನುಗಳು ಮೇಲ್ಮೈಗೆ ಲಂಬವಾಗಿ ಹೊರಡುವುದರಿಂದ ಕಿರಣ ಹುಟ್ಟುವಾಗಲೇ ಚದುರುತ್ತದೆ. ಕಡಿಮೆಯಾದರೆ ಅತಿಯಾಗಿ ಒಳಬಾಗಿ, ಕಿರಣ ಮೂಲದ ಹತ್ತಿರವೇ ಒಂದು ಬಿಂದುವಿಗೆ ಕೂಡಿ ಆಮೇಲೆ ಹರಡುತ್ತದೆ. ಒಳ್ಳೆಯ ಸ್ಥಿತಿ ಎಂದರೆ ತುಸುವೇ ಒಳಬಾಗಿದ ಮೇಲ್ಮೈ. ಹೊರಹೋಗುವ ರಂಧ್ರ ಸ್ವಭಾವತಃ ಕಿರಣವನ್ನು ಚದುರಿಸುವ ಮಸೂರ. ಆ ಒಳಬಾಗು ಅದನ್ನು ಸರಿದೂಗಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಪ್ಲಾಸ್ಮಾ ಹೆಚ್ಚಿಸಿದಾಗ ವಿದ್ಯುತ್ ಪೂರೈಕೆಯ ಮಾಪಕದಲ್ಲಿ ಪ್ರವಾಹ ಏರುವುದನ್ನು ಕಣ್ಣಾರೆ ಕಾಣುತ್ತೇವಲ್ಲ, ಹಾಗಾದರೆ ಹೆಚ್ಚು ಪ್ಲಾಸ್ಮಾ ಎಂದರೆ ಹೆಚ್ಚು ಕಿರಣ ಎಂದಾಗಲಿಲ್ಲವೇ? ಮಾಪಕ ಏರುವುದು ನಿಜ. ಅದು ಏನನ್ನು ಎಣಿಸುತ್ತಿದೆ ಎಂದು ಕೇಳಬೇಕು. ಚದುರಿದ ಅಯಾನುಗಳು ಎದುರಿನ ಎಲೆಕ್ಟ್ರೋಡಿಗೆ ಬಡಿದರೂ ಆ ಪ್ರವಾಹ ಲೆಕ್ಕಕ್ಕೆ ಬರುತ್ತದೆ. ಅವು ಬಡಿದಾಗ ಲೋಹದಿಂದ ಹೊರಬೀಳುವ ಎಲೆಕ್ಟ್ರಾನ್‌ಗಳು ಹಿಮ್ಮುಖವಾಗಿ ಓಡಿ ಮೂಲವನ್ನು ಸೇರಿದಾಗ ಅದೂ ಅದೇ ಲೆಕ್ಕದಲ್ಲಿ ಕೂಡಿಕೊಳ್ಳುತ್ತದೆ. ಅಂತರ ಕಿರಿದಾದಂತೆ ಕ್ಷೇತ್ರ ಬಲವಾಗಿ ಸಿಡಿತದ ಸಂಭವವೂ ಹೆಚ್ಚುತ್ತದೆ. ಕಿರಣವೆಂದು ಎಣಿಸಬೇಕಾದದ್ದು ಒಂದೆರಡು ಮೀಟರ್ ಆಚೆ, ಮುಂದಿನ ಯಂತ್ರ ಒಪ್ಪಿಕೊಳ್ಳುವ ಕೋನದೊಳಗೆ ಬಂದು ಬಿದ್ದ ಅಯಾನುಗಳನ್ನು ಮಾತ್ರ. ಈ ಅಳತೆಯಲ್ಲಿ ನೋಡಿದರೆ ಪ್ಲಾಸ್ಮಾ ಸಾಂದ್ರತೆಗೆ ಒಂದು ಶಿಖರವಿದೆ. ಅದನ್ನು ದಾಟಿದ ಮೇಲೆ ಸಿಗುವ ಕಿರಣ ಇಳಿಮುಖ. ಐಟರ್‌ನ ಭಾರತೀಯ ಕಿರಣಮೂಲದಲ್ಲಿ ಇಂಥ ರಂಧ್ರಗಳು 1280. ಪ್ರತಿಯೊಂದಕ್ಕೂ ತನ್ನದೇ ಅಂಚು, ತನ್ನದೇ ಬಾಗು. ಎಲ್ಲಕ್ಕೂ ವೋಲ್ಟೇಜು ಒಂದೇ. ಒಂದು ಮೂಲೆಯಲ್ಲಿ ಪ್ಲಾಸ್ಮಾ ದಟ್ಟವಾಗಿ ಇನ್ನೊಂದು ಮೂಲೆಯಲ್ಲಿ ತೆಳುವಾಗಿದ್ದರೆ, ಒಂದನ್ನು ಸರಿಪಡಿಸುವ ವೋಲ್ಟೇಜು ಇನ್ನೊಂದನ್ನು ಕೆಡಿಸುತ್ತದೆ. ಆದ್ದರಿಂದಲೇ ಅಲ್ಲಿ ಒಟ್ಟು ಪ್ರವಾಹದಷ್ಟೇ ಮುಖ್ಯವಾಗಿ ಸಮತೆಯನ್ನು ಕೇಳುತ್ತಾರೆ.

ನಿರಂತರ ಮೂಲದಲ್ಲಿ ತಿರುಪು ತಿರುಗಿಸಿ, ಕಾದು ನೋಡಿ, ಅಂಚನ್ನು ಒಂದು ಜಾಗಕ್ಕೆ ತಂದು ನಿಲ್ಲಿಸಬಹುದು. ಪಲ್ಸ್ ಮೂಲದಲ್ಲಿ ಕಾಯಲು ಹೊತ್ತಿಲ್ಲ. ಇದರ ನಿಚ್ಚಳ ಉದಾಹರಣೆ ನಿರ್ವಾತ ಆರ್ಕ್. ಬರ್ಕ್ಲಿಯ ಲಾರೆನ್ಸ್ ಪ್ರಯೋಗಾಲಯದಲ್ಲಿ 1980ರ ದಶಕದಲ್ಲಿ ಇಯಾನ್ ಬ್ರೌನ್ ಮತ್ತು ಸಂಗಡಿಗರು ರೂಪಿಸಿದ ‘ಮೆವ್ವಾ’ ಮೂಲ ಇದನ್ನು ಆಧರಿಸಿದ್ದು. ಲೋಹದ ಕ್ಯಾಥೋಡಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಗಳು ಹೊತ್ತಿ, ಅಲ್ಲಿಯ ಲೋಹ ನೇರವಾಗಿ ದಟ್ಟ ಪ್ಲಾಸ್ಮಾವಾಗಿ ಚಿಮ್ಮುತ್ತದೆ. 100 ಆಂಪಿಯರ್ ಆರ್ಕ್ ಉರಿಸಿದರೆ ಸುಮಾರು 10 ಆಂಪಿಯರಿನಷ್ಟು ಅಯಾನು ಪ್ರವಾಹ ಸಿಗುತ್ತದೆ. ಲಿಥಿಯಂನಿಂದ ಯುರೇನಿಯಂವರೆಗೆ ಹೆಚ್ಚುಕಡಿಮೆ ಯಾವ ಘನ ಲೋಹವಾದರೂ ಆದೀತು. ಜರ್ಮನಿಯ ಡಾರ್ಮ್‌ಸ್ಟಾಟ್‌ನ ಜಿಎಸ್ಐ ಸಂಸ್ಥೆ ತನ್ನ ಯುರೇನಿಯಂ ಕಿರಣವನ್ನು ಈ ಬಗೆಯ ಮೂಲದಿಂದಲೇ ಪಡೆಯುತ್ತದೆ. ಇಷ್ಟು ಉದಾರವಾದ ಮೂಲಕ್ಕೆ ಎರಡು ದೋಷಗಳಿವೆ. ಚುಕ್ಕೆಗಳು ಹುಟ್ಟಿ ಸತ್ತು ಜಾಗ ಬದಲಿಸುತ್ತಲೇ ಇರುವುದರಿಂದ ಪ್ಲಾಸ್ಮಾದ ಹರಿವು ಕ್ಷಣಕ್ಷಣಕ್ಕೂ ತೊನೆಯುತ್ತದೆ. ಜೊತೆಗೆ ಪ್ಲಾಸ್ಮಾ ಸೆಕೆಂಡಿಗೆ 10 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಧಾವಿಸುತ್ತದೆ, ಅಂದರೆ ಒಂದು ಮೈಕ್ರೋಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು. ನಮ್ಮ ಎಳೆಯುವ ಅಂತರವೂ ಅಷ್ಟೇ ಎಂಬುದನ್ನು ನೆನಪಿಸಿಕೊಳ್ಳಿ. ವೋಲ್ಟೇಜು ಏರುವುದು ಒಂದು ಮೈಕ್ರೋಸೆಕೆಂಡ್ ತಡವಾದರೆ ಆ ಹೊತ್ತಿಗೆ ಅಂತರದ ತುಂಬ ಪ್ಲಾಸ್ಮಾ ತುಂಬಿ ಎರಡೂ ಎಲೆಕ್ಟ್ರೋಡುಗಳನ್ನು ಶಾರ್ಟ್ ಮಾಡಿಬಿಟ್ಟಿರುತ್ತದೆ. ಒಂದು ಮೈಕ್ರೋಸೆಕೆಂಡ್ ಬೇಗ ಏರಿದರೆ ಅಲ್ಲಿ ಅಯಾನುಗಳೇ ಇರುವುದಿಲ್ಲ.

ಇದಕ್ಕೆ ನನಗೆ ಅತ್ಯಂತ ಸುಂದರವಾಗಿ ಕಾಣುವ ಪರಿಹಾರ 1980ರ ದಶಕದಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಹಂಫ್ರೀಸ್ ಮತ್ತು ಜೊತೆಗಾರರು ಬೆಳೆಸಿದ ಜಾಲರಿ ನಿಯಂತ್ರಣ. ಇದನ್ನು ತುಸು ಹತ್ತಿರದಿಂದ ನೋಡೋಣ. ಪ್ಲಾಸ್ಮಾ ಬರುವ ದಾರಿಗೆ, ಎಳೆಯುವ ಅಂತರದ ಬಾಯಲ್ಲಿ, ಸಣ್ಣ ಕಣ್ಣುಗಳ ಒಂದು ಲೋಹದ ಜಾಲರಿ. ಅದಕ್ಕೆ ಪ್ಲಾಸ್ಮಾಕ್ಕಿಂತ ನೂರರಷ್ಟು ವೋಲ್ಟ್ ಋಣ ವಿಭವ. ಎಲೆಕ್ಟ್ರಾನ್‌ಗಳು ಇದನ್ನು ಕಂಡು ಹಿಂದಿರುಗುತ್ತವೆ, ಅಯಾನುಗಳು ತೂರಿಹೋಗುತ್ತವೆ. ಆದರೆ ಜೊತೆಗಾರ ಎಲೆಕ್ಟ್ರಾನ್‌ಗಳಿಲ್ಲದ ಅಯಾನುಗಳು ಹೆಚ್ಚು ದೂರ ಹೋಗಲಾರವು. ಮುಂದೆ ಹೋದವುಗಳ ಆವೇಶವೇ ಹಿಂದಿನವನ್ನು ತಡೆದು ಜಾಲರಿಯತ್ತ ಮರಳಿಸುತ್ತದೆ. ಹೀಗಾಗಿ ವೋಲ್ಟೇಜು ಬರುವ ಮೊದಲು ಅಂತರ ಖಾಲಿ ಉಳಿಯುತ್ತದೆ. ವೋಲ್ಟೇಜು ಬಂದೊಡನೆ ಚೈಲ್ಡ್ ನಿಯಮ ಒಪ್ಪಿದಷ್ಟು ಅಯಾನುಗಳು ಮಾತ್ರ ಹೊರಡುತ್ತವೆ, ಮಿಕ್ಕವು ವಾಪಸಾಗುತ್ತವೆ. ಕೆರೆಯಲ್ಲಿ ನೀರು ಏರಿಳಿದರೂ ಕಾಲುವೆಗೆ ಹೋಗುವ ನೀರನ್ನು ತೂಬು ಒಂದೇ ಸಮ ಇಡುವ ಹಾಗೆ, ಹಿಂದಿನ ಆರ್ಕ್ ತೊನೆದರೂ ಕಿರಣ ತೊನೆಯುವುದಿಲ್ಲ. ಕಿರಣ ಹೊರಡುವ ಮೇಲ್ಮೈ ಜಾಲರಿಗೆ ಕಟ್ಟಿಬಿದ್ದಿರುತ್ತದೆ, ಆದ್ದರಿಂದ ಅದರ ಆಕಾರವನ್ನು ಲೇತಿನ ಮೇಲೆಯೇ ನಿರ್ಧರಿಸಬಹುದು. ಅಂಚಿನಲ್ಲಿ ಪಿಯರ್ಸ್ ಎಂಬ ವಿಜ್ಞಾನಿ ಹೇಳಿದ 67.5 ಡಿಗ್ರಿ ಕೋನದ ಎಲೆಕ್ಟ್ರೋಡ್ ಇಟ್ಟು ಕಿರಣದ ಬದಿಯನ್ನು ನೆಟ್ಟಗಿಡಬಹುದು.

ಈ ಜಾಲರಿಯೂ ನನ್ನ ವಾದಕ್ಕೆ ಸಾಕ್ಷಿ ಹೇಳುತ್ತದೆ. ಜಾಲರಿಯ ತಂತಿಗಳ ಸುತ್ತ ಎಲೆಕ್ಟ್ರಾನ್ ಇಲ್ಲದ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಎರಡು ಬದಿಯ ಪೊರೆಗಳು ಕಣ್ಣಿನ ನಡುವೆ ಕೂಡಿಕೊಂಡಾಗ ಮಾತ್ರ ಕಣ್ಣು ಮುಚ್ಚಿದಂತೆ. ಮೇಲೆ ಹೇಳಿದ ಹೈಡ್ರೋಜನ್ ಪ್ಲಾಸ್ಮಾಕ್ಕೆ 100 ವೋಲ್ಟಿನಲ್ಲಿ ಪೊರೆಯ ದಪ್ಪ ಸುಮಾರು 0.16 ಮಿಲಿಮೀಟರ್. ಹಾಗಾದರೆ ಜಾಲರಿಯ ಕಣ್ಣು 0.3 ಮಿಲಿಮೀಟರಿಗಿಂತ ದೊಡ್ಡದಿರಬಾರದು. ಪ್ಲಾಸ್ಮಾವನ್ನು ನಾಲ್ಕು ಪಟ್ಟು ದಟ್ಟ ಮಾಡಿದಿರೋ, ಪೊರೆ ಅರ್ಧಕ್ಕೆ ಇಳಿಯುತ್ತದೆ, ಕಣ್ಣು ತೆರೆದುಕೊಳ್ಳುತ್ತದೆ, ಎಲೆಕ್ಟ್ರಾನ್‌ಗಳು ನುಸುಳಿ ಜಾಲರಿಯ ಕೆಲಸವೇ ಕೆಡುತ್ತದೆ. ಬೇಕಾದದ್ದಕ್ಕಿಂತ ಹೆಚ್ಚು ಪ್ಲಾಸ್ಮಾ ಇಲ್ಲಿ ನೇರವಾಗಿಯೇ ಶತ್ರು.

ಜಾಲರಿಯನ್ನು ಒಪ್ಪದವರ ಮಾತಿನಲ್ಲೂ ಹುರುಳಿದೆ. ಅದು ಅಯಾನುಗಳ ಪೆಟ್ಟಿಗೆ ಸವೆಯುತ್ತದೆ, ಉದ್ದ ಪಲ್ಸುಗಳಲ್ಲಿ ಕಾದು ಕರಗುತ್ತದೆ, ಪ್ರತಿ ಕಣ್ಣೂ ಒಂದು ಪುಟ್ಟ ಮಸೂರವಾಗಿ ಅಯಾನುಗಳಿಗೆ ಅಡ್ಡಾದಿಡ್ಡಿ ವೇಗ ಕೊಡುತ್ತದೆ. ಕೂದಲೆಳೆಯಷ್ಟು ಸಣ್ಣ ಬಿಂದುವಿಗೆ ಕೂಡಿಸಬೇಕಾದ ಕಿರಣಕ್ಕೆ ಈ ಅಡ್ಡ ವೇಗ ತೀರದ ಸಾಲ. ಮುಂದೆ ಯಾವ ಮಸೂರವೂ ಅದನ್ನು ತೀರಿಸಲಾರದು. ಮಿಲಿಸೆಕೆಂಡುಗಟ್ಟಲೆ ಉರಿಯುವ, ಸೆಕೆಂಡಿಗೆ ಹತ್ತಾರು ಸಲ ಮಿಡಿಯುವ ಮೂಲಕ್ಕೆ ನಾನೂ ಜಾಲರಿಯನ್ನು ಸೂಚಿಸುವುದಿಲ್ಲ. ಆದರೆ ಜಾಲರಿಯನ್ನು ತೆಗೆದುಹಾಕಿದರೆ ಅದು ಮಾಡುತ್ತಿದ್ದ ಕೆಲಸವನ್ನು ಬೇರೇನಾದರೂ ಮಾಡಲೇಬೇಕಲ್ಲ? ಲೇಸರ್ ಮೂಲಗಳಲ್ಲಿ ಆ ಕೆಲಸ ಮಾಡುವುದು ಪ್ಲಾಸ್ಮಾ ಸಾಗುವ ದೂರ. ಲೇಸರ್ ಹೊಡೆತಕ್ಕೆ ಗುರಿಯಿಂದ ಎದ್ದ ಪ್ಲಾಸ್ಮಾ ಹಿಗ್ಗುತ್ತಾ ಸಾಗುವಾಗ, ಪಲ್ಸಿನ ಉದ್ದ ದೂರಕ್ಕೆ ಅನುಪಾತವಾಗಿ ಬೆಳೆಯುತ್ತದೆ, ಪ್ರವಾಹ ಸಾಂದ್ರತೆ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ದೂರವನ್ನು ಇಮ್ಮಡಿಸಿದರೆ ಪಲ್ಸ್ ಇಮ್ಮಡಿ, ಪ್ರವಾಹ ಎಂಟನೇ ಒಂದು ಭಾಗ. ವಿನ್ಯಾಸಕ ಬೇಕೆಂದೇ ಪ್ಲಾಸ್ಮಾವನ್ನು ತೆಳುವಾಗಲು ಬಿಡುತ್ತಾನೆ, ಅಂಚಿನಲ್ಲಿ ಬೇಕಾದ ಲೆಕ್ಕಕ್ಕೆ ಅದು ಇಳಿಯುವವರೆಗೆ. ಜಪಾನಿನ ರೈಕೆನ್ ಸಂಸ್ಥೆಯಲ್ಲಿ ಮಸಾಹಿರೊ ಒಕಮುರಾ ಮತ್ತು ಜೊತೆಗಾರರು ಇನ್ನೂ ಮುಂದೆ ಹೋಗಿ, ಪ್ಲಾಸ್ಮಾವನ್ನು ಎಲೆಕ್ಟ್ರಾನ್ ಸಮೇತ ವೇಗೋತ್ಕರ್ಷಕದ ಬಾಗಿಲವರೆಗೆ ನಡೆಸಿಕೊಂಡು ಹೋಗಿ ಅಲ್ಲಿಯೇ ಅಯಾನುಗಳನ್ನು ಬೇರ್ಪಡಿಸಿದರು. ಅಂಚು ಎಲ್ಲಿರಬೇಕು ಎಂಬುದನ್ನೇ ಅವರು ಹೊಸದಾಗಿ ಕೇಳಿಕೊಂಡದ್ದು.

ಹಾಗಾದರೆ ಈ ಚಂಚಲ ಅಂಚಿನ ಗೋಜೇ ಬೇಡ, ಘನ ಮೇಲ್ಮೈಯಿಂದಲೇ ಅಯಾನುಗಳನ್ನು ಹೊರಡಿಸೋಣ ಎನ್ನುವವರಿದ್ದಾರೆ. ಅಲ್ಯುಮಿನೋಸಿಲಿಕೇಟ್ ಪದರವನ್ನು ಕಾಯಿಸಿದರೆ ಅದರಲ್ಲಿರುವ ಪೊಟ್ಯಾಸಿಯಂ ಅಥವಾ ಲಿಥಿಯಂ ಅಯಾನುಗಳು ಹೊರಬರುತ್ತವೆ. ಆ ಮೇಲ್ಮೈ ಅಲುಗುವುದಿಲ್ಲ, ಬಾಗುವುದಿಲ್ಲ. ನನ್ನ ವಾದದ ತರ್ಕಕ್ಕೆ ಇದು ಒಪ್ಪುವ ಮೂಲವೇ. ಭಾರವಾದ ಅಯಾನುಗಳಿಂದ ಸಮ್ಮಿಲನ ಸಾಧಿಸುವ ಪ್ರಯತ್ನದ ಭಾಗವಾಗಿ ಬರ್ಕ್ಲಿಯಲ್ಲಿ ಕಟ್ಟಿದ ಎನ್‌ಡಿಸಿಎಕ್ಸ್-2 ಯಂತ್ರ ಮೊದಲು ಇದನ್ನೇ ಬಳಸಿತು. ಆದರೆ ಲಿಥಿಯಂ ಮೂಲವನ್ನು 1200 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಿಸಿದರೂ ಚದರ ಸೆಂಟಿಮೀಟರಿಗೆ ಸಿಕ್ಕದ್ದು ಒಂದು ಮಿಲಿಆಂಪಿಯರಿನಷ್ಟು. ಪಲ್ಸ್ ಇಲ್ಲದಾಗಲೂ ಅದು ಬಿಸಿಯಾಗಿಯೇ ಇರಬೇಕು, ಆ ಹೊತ್ತಿನಲ್ಲಿ ಪದರದ ಲಿಥಿಯಂ ಸುಮ್ಮನೆ ಖರ್ಚಾಗುತ್ತದೆ. ಕೊನೆಗೆ ಅಲ್ಲಿ ಪಲ್ಸ್‌ನಲ್ಲಿ ಉರಿಯುವ ಹೀಲಿಯಂ ಪ್ಲಾಸ್ಮಾ ಮೂಲವನ್ನು ಕೂರಿಸಿದರು. ಅದರ ಅಯಾನುಗಳನ್ನು 12 ಲಕ್ಷ ಎಲೆಕ್ಟ್ರಾನ್‌ವೋಲ್ಟಿಗೆ ಏರಿಸಿ, ಕೆಲವೇ ನ್ಯಾನೋಸೆಕೆಂಡುಗಳಿಗೆ ಅದುಮಿ, ಮಿಲಿಮೀಟರ್ ಗಾತ್ರದ ಬಿಂದುವಿಗೆ ಕೂಡಿಸಿದರು. ಘನ ಮೇಲ್ಮೈಯ ಶಿಸ್ತು ದೊಡ್ಡದು, ಆದರೆ ಅದರ ಕೈ ಬಿಗಿ. ಪ್ಲಾಸ್ಮಾದ ಕೈ ಧಾರಾಳ, ಶಿಸ್ತನ್ನು ನಾವು ಕೊಡಬೇಕು.

ನಿರಂತರವಾಗಿ ಉರಿಯುವ ಮೂಲವನ್ನೇ ಇಟ್ಟುಕೊಂಡು ಕಿರಣವನ್ನು ಆಮೇಲೆ ಕತ್ತರಿಸಿಕೊಂಡರಾಗದೇ ಎಂಬುದು ಇನ್ನೊಂದು ಪ್ರಶ್ನೆ. ಥೋರಿಯಂ ರಿಯಾಕ್ಟರಿನ ಕನಸಿಗೆ ಬೇಕಾದ ವೇಗೋತ್ಕರ್ಷಕದಂತೆ ಎಡೆಬಿಡದ ಕಿರಣವೇ ಗುರಿಯಾದಾಗ ಅದು ಸರಿ. ಟ್ರಾಂಬೆಯಲ್ಲಿ ಅಂಥ ಕೆಲಸಕ್ಕೆ ಮೈಕ್ರೋವೇವ್ ಮೂಲವನ್ನು ಆರಿಸಿರುವುದೂ ಸರಿ. ಆದರೆ ಅಮೆರಿಕದ ಓಕ್ ರಿಜ್‌ನ ನ್ಯೂಟ್ರಾನ್ ಕೇಂದ್ರದ ಮೂಲ ಮಿಡಿಯುವುದು ಸೆಕೆಂಡಿಗೆ 60 ಸಲ, ಪ್ರತಿ ಸಲ 1 ಮಿಲಿಸೆಕೆಂಡ್. ಅಂದರೆ ನೂರರಲ್ಲಿ ಆರು ಪಾಲು ಹೊತ್ತು ಮಾತ್ರ. ಅದಕ್ಕೆ ಉಣಿಸುವ ಹತ್ತಾರು ಕಿಲೋವಾಟ್ ರೇಡಿಯೋ ಶಕ್ತಿಯನ್ನು ಎಡೆಬಿಡದೆ ಉಣಿಸಿದರೆ ಶಾಖ ಸುಮಾರು ಹದಿನೇಳು ಪಟ್ಟು ಏರುತ್ತದೆ. ಎಷ್ಟು ತೀವ್ರ ಬೇಕೆಂದು ಕೇಳುತ್ತೇವೋ ಅಷ್ಟೂ ಪಲ್ಸ್ ಅನಿವಾರ್ಯ.

ಅಂಚು ಹತೋಟಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂ ಮೆಕ್ಸಿಕೋದ ಸ್ಯಾಂಡಿಯಾ ಪ್ರಯೋಗಾಲಯದ ಪಿಬಿಎಫ್‌ಎ-2 ಯಂತ್ರದ ಕಥೆ ಸಾಕು. ಹಗುರ ಅಯಾನುಗಳಿಂದ ಸಮ್ಮಿಲನ ಇಂಧನವನ್ನು ಅದುಮುವುದು ಅದರ ಗುರಿ. ವಿದ್ಯುತ್ ಸಾಮರ್ಥ್ಯದ ಕೊರತೆ ಅದಕ್ಕಿರಲಿಲ್ಲ. ಲಿಥಿಯಂ ಕಿರಣಕ್ಕೆಂದು ಆನೋಡಿಗೆ ಲಿಥಿಯಂ ಫ್ಲೋರೈಡ್ ಹಚ್ಚಿದ್ದರು. ಆದರೆ ಪಲ್ಸಿನ ಹತ್ತಾರು ನ್ಯಾನೋಸೆಕೆಂಡುಗಳಲ್ಲಿ ಆ ಮೇಲ್ಮೈಗೆ ಅಂಟಿದ್ದ ಹೈಡ್ರೋಜನ್, ಇಂಗಾಲ, ಆಮ್ಲಜನಕದ ಕಲ್ಮಶಗಳು ಕಳಚಿ, ಅಯಾನುಗಳಾಗಿ, ಲಿಥಿಯಂನ ಜೊತೆ ತಾವೂ ಪ್ರವಾಹದ ಪಾಲು ಕೇಳಿದವು. ಚೈಲ್ಡ್ ಮಿತಿಯೊಳಗೆ ಬೇಡದ ಅಯಾನು ಕೂತ ಜಾಗ ಬೇಕಾದ ಅಯಾನಿಗೆ ಇಲ್ಲ. ಮೇಲ್ಮೈಯನ್ನು ತೊಳೆಯಲು, ಕಾಯಿಸಲು ವರ್ಷಗಟ್ಟಲೆ ಶ್ರಮಿಸಿದರು. 1996ರಲ್ಲಿ ಆ ಯಂತ್ರ ಬೇರೆ ಮಾರ್ಗ ಹಿಡಿದು ‘ಜೆಡ್’ ಎಂಬ ಹೆಸರಿನಲ್ಲಿ ಹೊಸ ಜೀವನ ಶುರುಮಾಡಿತು. ಅಯಾನು ಮಾರ್ಗ ಕೈಬಿಡಲು ಬೇರೆ ಕಾರಣಗಳೂ ಇದ್ದವು. ಆದರೆ ಮಿಲಿಮೀಟರಿಗೂ ತೆಳುವಾದ ಒಂದು ಪದರದಲ್ಲಿ ಏನಿದೆ ಎಂಬುದನ್ನು ಹತೋಟಿಗೆ ತರಲಾಗದೆ ಹೋದದ್ದು ಅವುಗಳಲ್ಲಿ ಸಣ್ಣದಲ್ಲ.

ಕಡೆಯದಾಗಿ, ಇವತ್ತು ಕಂಪ್ಯೂಟರ್ ಇರುವಾಗ ಈ ಚರ್ಚೆಯೇ ಹಳತು ಎಂಬ ಮಾತು. ಅಂಚಿನ ಆಕಾರ, ಅಯಾನುಗಳ ಪಥ, ಅವುಗಳದೇ ಆವೇಶದ ಕ್ಷೇತ್ರ ಮೂರನ್ನೂ ಒಂದಕ್ಕೊಂದು ಹೊಂದುವವರೆಗೆ ಮತ್ತೆ ಮತ್ತೆ ಲೆಕ್ಕಹಾಕುವ ಪ್ರೋಗ್ರಾಮುಗಳು ನಿಜಕ್ಕೂ ಸಮರ್ಥವಾಗಿವೆ, ಅವಿಲ್ಲದೆ ಯಾರೂ ಇಂದು ಎಲೆಕ್ಟ್ರೋಡ್ ಕೊರೆಯಬಾರದು. ಆದರೆ ಪ್ರೋಗ್ರಾಮಿಗೆ ಪ್ಲಾಸ್ಮಾದ ಹರಿವು ಎಷ್ಟೆಂದು ನಾವೇ ಹೇಳಬೇಕು. ಸಾಮಾನ್ಯವಾಗಿ ಒಂದೇ ಸಂಖ್ಯೆ ಕೊಟ್ಟು, ಒಂದೇ ಸ್ಥಿರ ಚಿತ್ರ ಪಡೆಯುತ್ತೇವೆ. ಪಲ್ಸ್ ಮೂಲದಲ್ಲಿ ಆ ಸಂಖ್ಯೆ ಸೊನ್ನೆಯಿಂದ ಏರಿ, ತೊನೆದು, ಮತ್ತೆ ಸೊನ್ನೆಗೆ ಇಳಿಯುತ್ತದೆ. ಅದಕ್ಕೇ ಕೆಲಸದ ಕ್ರಮ ಹೀಗಿರಬೇಕೆಂದು ಕೇಳಿಕೊಳ್ಳುತ್ತೇನೆ: ಗುರಿಗೆ ಬೇಕಾದ ಪ್ರವಾಹದಿಂದ ಹಿಂದಕ್ಕೆ ಬಂದು ವೋಲ್ಟೇಜು ಮತ್ತು ಅಂತರವನ್ನು ಗೊತ್ತುಮಾಡಿ, ಆ ಅಂತರ ತಾಳಿಕೊಳ್ಳುವ ಹರಿವಿನ ಮೇಲಿನ ಮಿತಿ, ಕೆಳಗಿನ ಮಿತಿ ಎರಡನ್ನೂ ಬರೆದಿಡಿ, ಎಲೆಕ್ಟ್ರೋಡ್ ಜೋಡಿಸುವ ಮುನ್ನ, ಅದು ಕೂರಲಿರುವ ಜಾಗದಲ್ಲೇ ಎಲೆಕ್ಟ್ರಾನ್‌ಗಳನ್ನು ತಡೆಯುವ ಋಣ ವಿಭವದ ಸಂಗ್ರಾಹಕಗಳನ್ನು ಸಾಲಾಗಿ ಇಟ್ಟು, ನಡುವಿನಿಂದ ಅಂಚಿನವರೆಗೆ, ಪಲ್ಸಿನ ಮೊದಲಿನಿಂದ ಕೊನೆಯವರೆಗೆ, ನೂರಾರು ಹೊಡೆತಗಳಲ್ಲಿ ಹರಿವನ್ನು ಅಳೆಯಿರಿ. ಆ ಗೆರೆಗಳು ಎರಡು ಮಿತಿಗಳ ನಡುವೆ ಎಷ್ಟು ಮೈಕ್ರೋಸೆಕೆಂಡ್ ನಿಲ್ಲುತ್ತವೆಯೋ ಅಷ್ಟೇ ನಿಮ್ಮ ನಿಜವಾದ ಪಲ್ಸ್. ವೋಲ್ಟೇಜಿನ ಪಲ್ಸನ್ನು ಆ ಹೊತ್ತಿಗೆ ಹೊಂದಿಸಿ, ಡಿಸ್ಚಾರ್ಜ್ ಕೋಣೆಯ ಶಕ್ತಿಯನ್ನು ಹೆಚ್ಚಿಸಬೇಕೋ ತಗ್ಗಿಸಬೇಕೋ ಎಂಬುದನ್ನು ಅದಾದ ಮೇಲೆ ತೀರ್ಮಾನಿಸಿ.